ಕಾಲೇಜು ದಿನಗಳಲ್ಲಿ ಸ್ವಯಂಸೇವೆ: ಆಯ್ಕೆ ಹೇಗೆ?

ಪದವಿ ತರಗತಿಗಳು ಆರಂಭವಾದ ಮೊದಲ ಕೆಲವು ವಾರಗಳಲ್ಲಿ ಕಾಲೇಜಿನ ಸೂಚನಾ ಫಲಕದ ಮುಂದೆ ನಿಂತ ವಿದ್ಯಾರ್ಥಿಗೆ ಗೊಂದಲವಾಗುವುದು ಸಹಜ. ರಾಷ್ಟ್ರೀಯ ಸೇವಾ ಯೋಜನೆಗೆ ಹೆಸರು ಕೊಡಿ ಎಂದು ಒಂದು ಚೀಟಿ, ಎನ್.ಸಿ.ಸಿ. ಆಯ್ಕೆ ಇಂಥ ದಿನ ಎಂದು ಇನ್ನೊಂದು, ಯುವ ರೆಡ್‌ಕ್ರಾಸ್ ಘಟಕದ್ದು ಮತ್ತೊಂದು. ಇವುಗಳ ಜೊತೆಗೆ ಈಗ ಮೊಬೈಲ್ ಫೋನಿಗೆ ಬಂದು ಬೀಳುವ ಸಂದೇಶಗಳು ಬೇರೆ: ಭಾನುವಾರ ಕೆರೆ ಸ್ವಚ್ಛಗೊಳಿಸಲು ಬನ್ನಿ, ಅನಾಥ ಮಕ್ಕಳೊಡನೆ ಒಂದು ದಿನ ಕಳೆಯಿರಿ, ಭಾಗವಹಿಸಿದವರಿಗೆ ಪ್ರಮಾಣಪತ್ರ ಉಂಟು. "ಸರ್, ಇದರಲ್ಲಿ ಯಾವುದು ಒಳ್ಳೆಯದು?" ಎಂದು ಅಧ್ಯಾಪಕರನ್ನು ಕೇಳಿದರೆ, "ಎಲ್ಲವೂ ಒಳ್ಳೆಯದೇ ಕಣಪ್ಪ, ಯಾವುದಾದರೂ ಒಂದಕ್ಕೆ ಸೇರಿಕೊ" ಎಂಬ ಉತ್ತರ ಸಿಗುತ್ತದೆ. ಉತ್ತರ ತಪ್ಪಲ್ಲ, ಆದರೆ ಅದರಿಂದ ಆಯ್ಕೆ ಸುಲಭವಾಗುವುದಿಲ್ಲ.

ತೆರೆಯ ಮೇಲಿನ ಮಾತುಕತೆಯಲ್ಲಿ ಇಂಥ ವಿಷಯದ ಒಂದೆರಡು ಮುಖಗಳನ್ನಷ್ಟೇ ತೋರಿಸಲು ಸಾಧ್ಯ. ನಿಯಮ, ಅಂಕಿ ಅಂಶ, ಎಚ್ಚರಿಕೆಯ ಮಾತುಗಳನ್ನು ಬಿಡುವಾಗಿ ಓದಿಕೊಳ್ಳಲು ಈ ಪುಟಗಳಿವೆ.

ಸಾಮಾನ್ಯವಾಗಿ ವಿದ್ಯಾರ್ಥಿಗಳು ತಮ್ಮನ್ನು ತಾವು ಕೇಳಿಕೊಳ್ಳುವ ಪ್ರಶ್ನೆ "ನನಗೆ ಏನು ಇಷ್ಟ? ಯಾವುದರಿಂದ ನನಗೆ ಮುಂದೆ ಅನುಕೂಲ?" ಎಂಬುದು. ಈ ಪ್ರಶ್ನೆಗೂ ಜಾಗವಿದೆ, ಅದನ್ನು ಹೀಗಳೆಯಬೇಕಾಗಿಲ್ಲ. ಆದರೆ ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ. ಆ ತುದಿಯಲ್ಲಿ ನನಗಾಗಿ ಕಾಯುತ್ತಿರುವವರು ಯಾರು? ನಾನು ಒಂದು ದಿನ ಹೋಗದೆ ಉಳಿದರೆ ಅವರಿಗೆ ಏನಾಗುತ್ತದೆ? ಈ ಪ್ರಶ್ನೆಗೆ "ಏನೂ ಆಗುವುದಿಲ್ಲ" ಎಂಬ ಉತ್ತರ ಬಂದರೆ ಆ ಕೆಲಸದಲ್ಲಿ ನಿಮ್ಮ ಅಗತ್ಯ ಅಷ್ಟಾಗಿ ಇಲ್ಲವೆಂದೇ ಅರ್ಥ. "ತೊಂದರೆಯಾಗುತ್ತದೆ" ಎಂದಾದರೆ ಕೆಲಸ ನಿಜವಾದದ್ದು. ಆದರೆ ಒಪ್ಪಿಕೊಳ್ಳುವ ಮೊದಲು ನಿಮ್ಮ ಕ್ಯಾಲೆಂಡರ್ ನೋಡಿಕೊಳ್ಳಬೇಕು.

ಪರೀಕ್ಷೆ ಬರೆದುಕೊಡುವ ಕೆಲಸ

ಒಂದು ಉದಾಹರಣೆ ತೆಗೆದುಕೊಳ್ಳೋಣ. ದೃಷ್ಟಿ ಇಲ್ಲದ ವಿದ್ಯಾರ್ಥಿಗಳು, ಕೈಯಿಂದ ಬರೆಯಲಾಗದ ಅಂಗವಿಕಲ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಉತ್ತರವನ್ನು ಬಾಯಲ್ಲಿ ಹೇಳುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಹೀಗೆ ಬರೆಯುವವರನ್ನು ಸ್ಕ್ರೈಬ್ ಎಂದು ಕರೆಯುವುದು ರೂಢಿ. ಎಸ್ಸೆಸ್ಸೆಲ್ಸಿಯಿಂದ ಹಿಡಿದು ಬ್ಯಾಂಕ್ ನೇಮಕಾತಿಯವರೆಗೆ ಎಲ್ಲ ಹಂತದಲ್ಲೂ ಇವರ ಅಗತ್ಯವಿದೆ, ಎಲ್ಲ ಊರುಗಳಲ್ಲೂ ಇವರ ಕೊರತೆಯಿದೆ.

ಕೊರತೆಗೆ ಕಾರಣ ವಿದ್ಯಾರ್ಥಿಗಳ ನಿರಾಸಕ್ತಿ ಮಾತ್ರವಲ್ಲ. ಪರೀಕ್ಷೆಗಳು ಬರುವುದು ಎಲ್ಲರಿಗೂ ಒಂದೇ ಕಾಲದಲ್ಲಿ. ಬರೆಯಬಲ್ಲ ಹುಡುಗನಿಗೂ ಅದೇ ವಾರದಲ್ಲಿ ಇಂಟರ್ನಲ್ಸ್ ಇರುತ್ತದೆ. ಪರೀಕ್ಷೆಯ ಅವಧಿಯೂ ಕಡಿಮೆಯದಲ್ಲ: ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಇಂಥ ಪರೀಕ್ಷಾರ್ಥಿಗಳಿಗೆ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಸಿಗುತ್ತದೆ. ಮೂರು ಗಂಟೆಯ ಪರೀಕ್ಷೆ ನಾಲ್ಕು ಗಂಟೆಯದಾಗುತ್ತದೆ. ಹೋಗಿ ಬರುವ ಸಮಯ ಸೇರಿದರೆ ಒಂದು ಇಡೀ ದಿನ ಅದಕ್ಕೇ ಹೋಯಿತು. ಜೊತೆಗೆ ಬರೆಯುವವರ ವಿದ್ಯಾರ್ಹತೆ ಪರೀಕ್ಷಾರ್ಥಿಯದಕ್ಕಿಂತ ಕಡಿಮೆಯಿರಬೇಕು ಎಂಬ ನಿಯಮ ಸಾಮಾನ್ಯವಾಗಿ ಇರುತ್ತದೆ. ಅಂತಿಮ ವರ್ಷದ ಬಿ.ಎ. ವಿದ್ಯಾರ್ಥಿನಿಗೆ ಇನ್ನೊಬ್ಬ ಅಂತಿಮ ವರ್ಷದ ವಿದ್ಯಾರ್ಥಿ ಬರೆಯುವಂತಿಲ್ಲ. ವಿವರಗಳು ಒಂದು ಪರೀಕ್ಷೆಗೂ ಇನ್ನೊಂದಕ್ಕೂ ವ್ಯತ್ಯಾಸವಾಗುವುದರಿಂದ ಆಯಾ ಮಂಡಳಿಯ ಅಥವಾ ವಿಶ್ವವಿದ್ಯಾಲಯದ ಸುತ್ತೋಲೆಯನ್ನು ಮೊದಲೇ ಓದಿಕೊಳ್ಳುವುದು ಒಳ್ಳೆಯದು. ಗುರುತಿನ ಚೀಟಿ, ಅಂಕಪಟ್ಟಿಯ ಪ್ರತಿ, ಒಪ್ಪಿಗೆಯ ನಮೂನೆ, ಇವೆಲ್ಲ ಪರೀಕ್ಷೆಯ ಬೆಳಿಗ್ಗೆ ಹುಡುಕುವ ವಸ್ತುಗಳಲ್ಲ.

ಇನ್ನೊಂದು ಮಾತು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ನಗರದ ಮಕ್ಕಳಲ್ಲಿ ಉತ್ಸಾಹವಿದ್ದರೂ ಕನ್ನಡವನ್ನು ವೇಗವಾಗಿ, ಒತ್ತಕ್ಷರ ತಪ್ಪದೆ ಬರೆಯುವ ಅಭ್ಯಾಸ ಕಡಿಮೆ. ಕನ್ನಡ ಮಾಧ್ಯಮದ ಪರೀಕ್ಷಾರ್ಥಿ ಇತಿಹಾಸದ ಉತ್ತರವನ್ನು ಸರಾಗವಾಗಿ ಹೇಳುತ್ತ ಹೋಗುವಾಗ ಬರೆಯುವವರು "ಸ್ವಲ್ಪ ನಿಧಾನ" ಎಂದು ನಿಲ್ಲಿಸುತ್ತಿದ್ದರೆ ಹೇಳುವವರ ಓಘವೇ ಮುರಿದುಹೋಗುತ್ತದೆ. ಹಳ್ಳಿಯ ಸರ್ಕಾರಿ ಶಾಲೆಯಿಂದ ಬಂದು, ಕಾಲೇಜಿನಲ್ಲಿ ಇಂಗ್ಲಿಷ್ ಬಾರದೆಂದು ಹಿಂಜರಿಯುತ್ತಿರುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ನಿಮ್ಮ ದುಂಡನೆಯ ಕನ್ನಡ ಅಕ್ಷರಕ್ಕೆ ಇಲ್ಲಿ ಬೆಲೆಯಿದೆ.

ಬರೆಯುವ ಕ್ರಮವೂ ಸರಳ, ಆದರೆ ಕಟ್ಟುನಿಟ್ಟು. ಪ್ರಶ್ನೆಯನ್ನು ಪೂರ್ತಿಯಾಗಿ ಓದಬೇಕು, ಕೇಳಿದರೆ ಮತ್ತೆ ಓದಬೇಕು. ಹೇಳಿದ್ದನ್ನೇ ಬರೆಯಬೇಕು. ಉತ್ತರ ತಪ್ಪೆಂದು ನಿಮಗೆ ಗೊತ್ತಿದ್ದರೂ ತಿದ್ದುವಂತಿಲ್ಲ, ಮುಖ ಸಪ್ಪಗೆ ಮಾಡಿ ಸುಳಿವು ಕೊಡುವುದಂತೂ ಬೇಡವೇ ಬೇಡ. ಸಾಧ್ಯವಾದರೆ ಒಂದೆರಡು ದಿನ ಮುಂಚೆ ಪರೀಕ್ಷಾರ್ಥಿಯನ್ನು ಭೇಟಿಯಾಗಿ ಒಂದು ಹಳೆಯ ಪ್ರಶ್ನೆಪತ್ರಿಕೆಯ ಅರ್ಧ ಭಾಗವನ್ನು ಒಟ್ಟಿಗೆ ಬರೆದು ನೋಡಿ. ಅವರ ಮಾತಿನ ವೇಗ, ನಿಮ್ಮ ಕೈಯ ವೇಗ ಎರಡೂ ಪರಸ್ಪರ ಪರಿಚಯವಾಗುತ್ತವೆ. ಬೆಂಗಳೂರಿನ ಮಿತ್ರಜ್ಯೋತಿ, ಸಮರ್ಥನಂ ಮೊದಲಾದ ಸಂಸ್ಥೆಗಳು ದೃಷ್ಟಿಹೀನರ ನಡುವೆ ದಶಕಗಳಿಂದ ಕೆಲಸ ಮಾಡುತ್ತಿವೆ; ಜಿಲ್ಲಾ ಕೇಂದ್ರಗಳಲ್ಲಿ ಅಂಧ ಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯರನ್ನೋ ಅಂಗವಿಕಲರ ಕಲ್ಯಾಣ ಇಲಾಖೆಯ ಕಚೇರಿಯನ್ನೋ ವಿಚಾರಿಸಬಹುದು.

ಈ ಕೆಲಸವನ್ನು ಇಷ್ಟು ವಿವರಿಸಿದ್ದಕ್ಕೆ ಕಾರಣವಿದೆ. ಬರುತ್ತೇನೆಂದು ಒಪ್ಪಿದ ಸ್ವಯಂಸೇವಕ ಬೆಳಿಗ್ಗೆ 9 ಗಂಟೆಗೆ ಫೋನ್ ಮಾಡಿ "ಸಾರಿ, ಇವತ್ತು ಆಗಲ್ಲ" ಎಂದರೆ ಅಲ್ಲಿ ಹಾಳಾಗುವುದು ಇನ್ನೊಬ್ಬರ ಒಂದು ವರ್ಷ. ಕೆಲಸ ಚಿಕ್ಕದು, ಜವಾಬ್ದಾರಿ ದೊಡ್ಡದು. ಎಲ್ಲ ಸ್ವಯಂಸೇವೆಯಲ್ಲೂ ಈ ಅಂಶ ಸ್ವಲ್ಪವಾದರೂ ಇರುತ್ತದೆ. ಇಲ್ಲಿ ಅದು ಕಣ್ಣಿಗೆ ಕಾಣುತ್ತದೆ, ಅಷ್ಟೇ.

ಸಮಯದ ಲೆಕ್ಕ

ರಾಷ್ಟ್ರೀಯ ಸೇವಾ ಯೋಜನೆ ಆರಂಭವಾದದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿಯವರ ಜನ್ಮ ಶತಾಬ್ದಿಯ ವರ್ಷದಲ್ಲಿ. ಮೊದಲು 37 ವಿಶ್ವವಿದ್ಯಾಲಯಗಳಲ್ಲಿ ಸುಮಾರು 40,000 ವಿದ್ಯಾರ್ಥಿಗಳಿದ್ದರು. ಅದಕ್ಕೆ ಚಾಲನೆ ಕೊಟ್ಟವರು ಅಂದಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್. ಅವರು ಆಗ ನಮ್ಮ ಬಳ್ಳಾರಿಯಿಂದ ಆಯ್ಕೆಯಾದ ಲೋಕಸಭಾ ಸದಸ್ಯರು. ಮುಂದೆ 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಕಟ್ಟಿದ ಅರ್ಥಶಾಸ್ತ್ರಜ್ಞರೂ ಅವರೇ. "ನನಗಲ್ಲ, ನಿನಗೆ" ಎಂಬುದು ಯೋಜನೆಯ ಧ್ಯೇಯವಾಕ್ಯ. ಕೋನಾರ್ಕದ ಸೂರ್ಯ ದೇವಾಲಯದ ರಥಚಕ್ರ ಅದರ ಲಾಂಛನ. ಚಕ್ರದ ಎಂಟು ಅರೆಕಾಲುಗಳು ದಿನದ 24 ಗಂಟೆಯ ಸಂಕೇತ.

24 ಗಂಟೆ ಎಂಬುದು ಲಾಂಛನದ ಮಾತಾಯಿತು. ನಿಯಮದ ಮಾತೆಂದರೆ ಎರಡು ವರ್ಷಗಳಲ್ಲಿ 240 ಗಂಟೆ, ಅಂದರೆ ವರ್ಷಕ್ಕೆ 120 ಗಂಟೆ, ಜೊತೆಗೆ ಏಳು ದಿನಗಳ ಒಂದು ವಿಶೇಷ ಶಿಬಿರ. ಪರೀಕ್ಷೆ, ರಜೆಗಳನ್ನು ಕಳೆದು ವರ್ಷದಲ್ಲಿ 40 ವಾರ ಉಳಿಯುತ್ತದೆ ಎಂದು ಇಟ್ಟುಕೊಂಡರೆ ವಾರಕ್ಕೆ ಮೂರು ಗಂಟೆ. ಯಾವುದೇ ಸ್ವಯಂಸೇವೆಯನ್ನು ಅಳೆಯಲು ಈ ಮೂರು ಗಂಟೆ ಒಳ್ಳೆಯ ಅಳತೆಗೋಲು. ವಾರಕ್ಕೆ ಹತ್ತು ಗಂಟೆ ಕೊಡುತ್ತೇನೆಂದು ಜೂನ್–ಜುಲೈಯಲ್ಲಿ ಹೇಳಿದವರು ದಸರಾ ವೇಳೆಗೆ ಕಾಣೆಯಾಗಿರುತ್ತಾರೆ. ವಾರಕ್ಕೆ ಎರಡೇ ಗಂಟೆ ಎಂದು ಹೇಳಿ, ಆ ಎರಡು ಗಂಟೆಯನ್ನು ತಪ್ಪದೆ ಕೊಟ್ಟವರೇ ಸಂಸ್ಥೆಗಳಿಗೆ ಬೇಕಾದವರು.

ಲೆಕ್ಕ ಹಾಕುವಾಗ ಪ್ರಯಾಣವನ್ನು ಮರೆಯಬಾರದು. ಒಂದು ಗಂಟೆಯ ಪಾಠಕ್ಕೆ ಎರಡು ಬಸ್ಸು ಬದಲಿಸಿ ಎರಡು ಗಂಟೆ ಓಡಾಡುವುದಾದರೆ ಆ ಏರ್ಪಾಡು ಹೆಚ್ಚು ದಿನ ನಡೆಯುವುದಿಲ್ಲ. 2023ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಖರ್ಚು ಉಳಿದಿದೆ ನಿಜ. ಆದರೆ ಸಮಯ ಉಳಿದಿಲ್ಲ. ಹಾಸ್ಟೆಲಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಏನಿದೆ ಎಂಬುದನ್ನೇ ಮೊದಲು ನೋಡಿ. ಒಂದು ಪ್ರಾಥಮಿಕ ಶಾಲೆ, ಒಂದು ಸರ್ಕಾರಿ ಆಸ್ಪತ್ರೆ, ಒಂದು ಗ್ರಂಥಾಲಯ, ಒಂದು ಕೆರೆ: ನಮ್ಮ ಯಾವ ಊರಿನಲ್ಲೂ ಇವು ಇಲ್ಲದಿಲ್ಲ.

ವಿದ್ಯಾರ್ಥಿಗಳಿಂದ ದೊಡ್ಡ ಕೆಲಸ ಆಗುವುದಿಲ್ಲವೇ ಎಂದು ಕೆಲವರು ಕೇಳಬಹುದು. ಆಗುತ್ತದೆ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಡಾ. ಆರ್. ಬಾಲಸುಬ್ರಹ್ಮಣ್ಯಂ ಅವರ ಜೊತೆ ಸೇರಿ ಆರಂಭಿಸಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್, ಕೆಲವೇ ವರ್ಷಗಳಲ್ಲಿ ಹೆಗ್ಗಡದೇವನಕೋಟೆಯ ಕಾಡಂಚಿನ ಗಿರಿಜನರ ನಡುವೆ ನೆಲೆಯೂರಿ ಆಸ್ಪತ್ರೆ, ಶಾಲೆಗಳನ್ನು ನಡೆಸುವಷ್ಟು ಬೆಳೆಯಿತು. ಆದರೆ ಅವರು ಆರಂಭಿಸಿದ್ದು ತಾವು ಓದುತ್ತಿದ್ದ ಆಸ್ಪತ್ರೆಯ ಬಡ ರೋಗಿಗಳಿಗೆ ನೆರವಾಗುವುದರಿಂದ, ತಮಗೆ ಗೊತ್ತಿದ್ದ ವಿದ್ಯೆಯ ಒಳಗೇ. ಮೊದಲ ವರ್ಷದಲ್ಲೇ ಯಾರೂ ಆಸ್ಪತ್ರೆ ಕಟ್ಟಲು ಹೊರಡಲಿಲ್ಲ ಎಂಬುದನ್ನು ಗಮನಿಸಬೇಕು.

ಮಕ್ಕಳ ಜೊತೆ

ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಬಯಸುವುದು ಮಕ್ಕಳಿಗೆ ಕಲಿಸುವ ಕೆಲಸವನ್ನು. ಸಂತೋಷದ ವಿಷಯವೇ. ಹಾಗೆಂದೇ ಇಲ್ಲಿ ಕೆಲವು ಕಹಿ ಮಾತುಗಳನ್ನೂ ಹೇಳಬೇಕಾಗಿದೆ.

ಹುಟ್ಟುಹಬ್ಬದ ದಿನ ಅನಾಥಾಲಯಕ್ಕೆ ಹೋಗಿ ಕೇಕ್ ಕತ್ತರಿಸಿ, ಮಕ್ಕಳನ್ನು ಅಕ್ಕಪಕ್ಕ ನಿಲ್ಲಿಸಿಕೊಂಡು ಫೋಟೊ ತೆಗೆಸಿಕೊಂಡು ಬರುವ ಪದ್ಧತಿ ಬೆಳೆದುಬಿಟ್ಟಿದೆ. ಆ ಮಕ್ಕಳ ಕಡೆಯಿಂದ ಒಮ್ಮೆ ಯೋಚಿಸಿ. ಪ್ರತಿ ಭಾನುವಾರ ಹೊಸ ಅಣ್ಣ, ಹೊಸ ಅಕ್ಕ. ಹಾಡು ಹೇಳು ಎನ್ನುತ್ತಾರೆ, ತಲೆ ಸವರುತ್ತಾರೆ, ಮತ್ತೆ ಬರುತ್ತೇವೆ ಎನ್ನುತ್ತಾರೆ. ಬರುವುದಿಲ್ಲ. ಮೊದಲೇ ಯಾರನ್ನೋ ಕಳೆದುಕೊಂಡು ಬಂದಿರುವ ಮಗುವಿಗೆ ಇದು ಪ್ರತಿ ವಾರ ಪುನರಾವರ್ತನೆಯಾಗುವ ಅಗಲಿಕೆ. ಜೊತೆಗೆ ಕಾನೂನಿನ ಮಾತೂ ಇದೆ. ಬಾಲನ್ಯಾಯ ಕಾಯ್ದೆ, 2015ರ 74ನೇ ಕಲಮಿನಂತೆ ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳ ಹೆಸರು, ವಿಳಾಸ, ಶಾಲೆ, ಚಿತ್ರ ಇತ್ಯಾದಿ ಗುರುತು ಸಿಗುವಂಥ ಯಾವುದನ್ನೂ ಪ್ರಕಟಿಸುವಂತಿಲ್ಲ. ಫೋನಿನಲ್ಲಿ ನಾಲ್ಕು ಜನಕ್ಕೆ ಹಂಚುವ ಚಿತ್ರವಾದರೇನು, ನಾಳೆ ಅದು ನಾನೂರು ಜನರ ಕೈಯಲ್ಲಿರುತ್ತದೆ. "ಫೋಟೊ ತೆಗೆಯಬೇಡಿ, ಒಬ್ಬರೇ ಮಗುವಿನ ಜೊತೆ ಕೋಣೆಯಲ್ಲಿ ಇರಬೇಡಿ, ಉಡುಗೊರೆ ತರುವ ಮೊದಲು ನಮ್ಮನ್ನು ಕೇಳಿ" ಎಂದು ಯಾವುದಾದರೂ ಸಂಸ್ಥೆ ಮೊದಲ ದಿನವೇ ಹೇಳಿದರೆ ಬೇಸರಪಡಬೇಡಿ. ಅಲ್ಲಿ ಮಕ್ಕಳ ಬಗ್ಗೆ ಕಾಳಜಿಯಿದೆ. ಗೇಟು ತೆರೆದು "ಬನ್ನಿ ಬನ್ನಿ" ಎಂದು ಯಾರನ್ನೂ ವಿಚಾರಿಸದೆ ಒಳಗೆ ಬಿಟ್ಟುಕೊಳ್ಳುವ ಜಾಗದ ಬಗ್ಗೆಯೇ ಸಂಶಯಪಡಬೇಕು.

ಕಲಿಸುವುದಾದರೆ ನೆರೆಯ ಸರ್ಕಾರಿ ಶಾಲೆಯೋ ಗ್ರಂಥಾಲಯವೋ ಉತ್ತಮ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳ ಓದಿಗೆಂದು 2020ರಲ್ಲಿ "ಓದುವ ಬೆಳಕು" ಕಾರ್ಯಕ್ರಮ ಆರಂಭವಾಯಿತು. ಈ ಗ್ರಂಥಾಲಯಗಳನ್ನು ಈಗ ಅರಿವು ಕೇಂದ್ರಗಳೆಂದು ಕರೆಯುತ್ತಾರೆ. ವಾರಾಂತ್ಯದಲ್ಲಿ ಊರಿಗೆ ಹೋಗುವ ವಿದ್ಯಾರ್ಥಿಗಳಿಗೆ ಇದು ಹೇಳಿ ಮಾಡಿಸಿದಂಥ ಜಾಗ. ಐದಾರು ಮಕ್ಕಳನ್ನು ಕೂರಿಸಿಕೊಂಡು ಒಂದು ಕಥೆ ಗಟ್ಟಿಯಾಗಿ ಓದಿ, ಅವರಿಂದಲೂ ಓದಿಸಿ. ತರಗತಿಯ ಮೇಷ್ಟ್ರ ಕೆಲಸವನ್ನು ನೀವು ಮಾಡಲು ಹೋಗಬೇಡಿ. ಅದು ನಿಮ್ಮಿಂದ ಆಗುವುದೂ ಇಲ್ಲ, ಆಗಬೇಕಾಗಿಯೂ ಇಲ್ಲ. ಅರವತ್ತು ಮಕ್ಕಳ ಮುಂದೆ ಭಾಷಣ ಮಾಡುವುದಕ್ಕಿಂತ ಅಕ್ಷರ ಕೂಡಿಸಲು ತಡವರಿಸುತ್ತಿರುವ ಮೂರು ಮಕ್ಕಳ ಪಕ್ಕ ಕೂರುವುದು ಪ್ರಯೋಜನಕಾರಿ. "ಅಕ್ಕಾ, ಮುಂದಿನ ಶನಿವಾರ ಬರ್ತೀರಾ?" ಎಂದು ಆ ಮಕ್ಕಳು ಕೇಳುತ್ತಾರೆ. ಪರೀಕ್ಷೆಯಿದ್ದರೆ "ಇಲ್ಲ ಪುಟ್ಟ, ಇನ್ನು ಮೂರು ವಾರ ಬರಲ್ಲ, ಆಮೇಲೆ ಬರ್ತೀನಿ" ಎಂದು ದಿನಾಂಕ ಸಮೇತ ಹೇಳಿ. ಮಕ್ಕಳಿಗೆ ಕಾಯುವುದು ಗೊತ್ತು. ಎಷ್ಟು ದಿನ ಎಂಬುದು ಗೊತ್ತಿರಬೇಕು ಅಷ್ಟೆ.

ವಾರವಾರ ಹೋಗಲು ಆಗದವರಿಗೆ ಬೇರೆ ದಾರಿಯಿದೆ. 2005ರಲ್ಲಿ ಆರಂಭವಾದ ಅಸರ್ ಸಮೀಕ್ಷೆಯಲ್ಲಿ ಸ್ಥಳೀಯ ಕಾಲೇಜು, ಸಂಘ ಸಂಸ್ಥೆಗಳ ಸ್ವಯಂಸೇವಕರು ತರಬೇತಿ ಪಡೆದು, ಹಳ್ಳಿಯ ಮನೆಮನೆಗೆ ಹೋಗಿ ಮಗು ಅಕ್ಷರ, ಪದ, ಸಣ್ಣ ಕಥೆಯನ್ನು ಓದಬಲ್ಲದೇ, ಕಳೆಯುವ ಲೆಕ್ಕ ಮಾಡಬಲ್ಲದೇ ಎಂದು ನೋಡುತ್ತಾರೆ. ಸಮೀಕ್ಷೆ ಪ್ರತಿ ವರ್ಷವೂ ನಡೆಯುವುದಿಲ್ಲ. 2022 ಮತ್ತು 2024ರಲ್ಲಿ ನಡೆದಿದೆ. ಕೆಲವೇ ದಿನಗಳ ಕೆಲಸ, ಆದರೆ ಆದಿ–ಅಂತ್ಯ ಸ್ಪಷ್ಟವಾಗಿರುವ ಕೆಲಸ. ಸಮಾಜಶಾಸ್ತ್ರ, ಅರ್ಥಶಾಸ್ತ್ರ ಓದುವವರಿಗೆ ಪುಸ್ತಕದಲ್ಲಿ ಸಿಗದ ಪಾಠ.

ದೊಡ್ಡವರಿಗೆ ಓದು ಕಲಿಸುವುದನ್ನು ನಾವು ಮರೆತೇಬಿಟ್ಟಿದ್ದೇವೆ. 1990ರಲ್ಲಿ ಕೇರಳದ ಎರ್ನಾಕುಲಂ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆಯೆನಿಸಿಕೊಂಡಿತು. ಆ ಸಾಧನೆಯ ಹಿಂದಿದ್ದವರು ಸಾವಿರಾರು ಸ್ವಯಂಸೇವಕರು. ನಮ್ಮಲ್ಲಿಯೂ ಆ ದಶಕದಲ್ಲಿ ಲಾಂದ್ರದ ಬೆಳಕಿನಲ್ಲಿ ನಡೆದ ಸಾಕ್ಷರತಾ ತರಗತಿಗಳನ್ನು ಹಿರಿಯರು ನೆನೆಯುತ್ತಾರೆ. 2011ರ ಜನಗಣತಿಯ ಪ್ರಕಾರ ರಾಜ್ಯದ ಸಾಕ್ಷರತೆ ಶೇ. 75.36. ನಿಮ್ಮ ಹಾಸ್ಟೆಲಿನ ಅಡುಗೆ ಮನೆಯಲ್ಲಿ ಹೆಬ್ಬೆಟ್ಟು ಒತ್ತಿ ಸಂಬಳ ಪಡೆಯುವವರು ಒಬ್ಬರಾದರೂ ಇರಬಹುದು. 15 ವರ್ಷ ಮೇಲ್ಪಟ್ಟವರಿಗಾಗಿ 2022ರಿಂದ 2027ರವರೆಗೆಂದು ರೂಪಿಸಿದ ಉಲ್ಲಾಸ್ ಕಾರ್ಯಕ್ರಮವೂ ಸ್ವಯಂಸೇವಕರನ್ನೇ ನಂಬಿ ಹೊರಟಿರುವಂಥದ್ದು. ಬಸ್ಸಿನ ಬೋರ್ಡು, ಬ್ಯಾಂಕಿನ ಚಲನ್, ಮಗನ ಅಂಕಪಟ್ಟಿ, ಈ ಮೂರನ್ನು ಓದಲು ಬಂದರೆ ಅಮ್ಮಂದಿರಿಗೆ ಸಾಕಷ್ಟು ಧೈರ್ಯ ಬರುತ್ತದೆ.

ರಕ್ತ, ಸಸಿ, ಹಕ್ಕಿ

ರಕ್ತದಾನದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ವಯಸ್ಸು 18 ತುಂಬಿರಬೇಕು, ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ 12.5 ಗ್ರಾಂ ಇರಬೇಕು. ಒಮ್ಮೆ ಕೊಟ್ಟ ಮೇಲೆ ಗಂಡಸರು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಬಿಟ್ಟು ಮತ್ತೆ ಕೊಡಬಹುದು. ಕಾಲೇಜು ಶಿಬಿರಗಳಲ್ಲಿ ಒಂದೇ ದಿನ ರಾಶಿ ರಕ್ತ ಸಂಗ್ರಹವಾಗುತ್ತದೆ; ಕೆಂಪು ರಕ್ತಕಣಗಳ ಚೀಲವನ್ನು ಇಡಬಹುದಾದ ಅವಧಿ ಸುಮಾರು ಆರು ವಾರ ಮಾತ್ರ. ಏಪ್ರಿಲ್–ಮೇ ತಿಂಗಳಲ್ಲಿ ಕಾಲೇಜುಗಳಿಗೆ ರಜೆ ಬಂತೆಂದರೆ ರಕ್ತನಿಧಿಗಳು ಬರಿದಾಗತೊಡಗುತ್ತವೆ. ಆದ್ದರಿಂದ ಶಿಬಿರದ ದಿನ ಸಾಲಿನಲ್ಲಿ ನಿಲ್ಲುವ ಬದಲು ರಜೆಯಲ್ಲಿ ನಿಮ್ಮ ಊರಿನ ಜಿಲ್ಲಾ ಆಸ್ಪತ್ರೆಯ ರಕ್ತನಿಧಿಗೆ ಹೋಗಿ ಕೊಟ್ಟು ಬನ್ನಿ. ಟಿ-ಶರ್ಟು ಸಿಗಲಾರದು.

ಸಸಿ ನೆಡುವ ಕಾರ್ಯಕ್ರಮಗಳಲ್ಲಿ ಹೋದ ವರ್ಷದ ಗುಂಡಿಯಲ್ಲೇ ಈ ವರ್ಷದ ಸಸಿ ಎಂಬ ಹಾಸ್ಯ ಹಳೆಯದು, ಸತ್ಯವೂ ಹೌದು. ನೆಡಲು ಕರೆದವರನ್ನು "ಬೇಸಿಗೆಯಲ್ಲಿ ನೀರು ಯಾರು ಹಾಕುತ್ತಾರೆ?" ಎಂದು ಕೇಳಿ. ಆ ನೀರು ಹಾಕುವ ಕೆಲಸಕ್ಕೇ ನೀವು ಹೆಸರು ಕೊಟ್ಟರೆ ಇನ್ನೂ ಒಳ್ಳೆಯದು.

ಜನರ ಜೊತೆ ಬೆರೆಯಲು ಸಂಕೋಚಪಡುವ ಸ್ವಭಾವದವರೂ ಇರುತ್ತಾರೆ. ಅವರು ತಮ್ಮಿಂದ ಸೇವೆ ಆಗದೆಂದು ಕೈಚೆಲ್ಲಬೇಕಾಗಿಲ್ಲ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಕ್ಕಿ ಎಣಿಕೆಯಲ್ಲಿ ನಮ್ಮ ದೇಶದವರು 2013ರಿಂದ ಭಾಗವಹಿಸುತ್ತಿದ್ದಾರೆ. ಕಾಲೇಜಿನ ಆವರಣದಲ್ಲೇ ಹದಿನೈದು ನಿಮಿಷ ನಿಂತು ಎಣಿಸಿ ದಾಖಲಿಸಬಹುದು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಇಂದಿಗೂ ಸ್ವಯಂಸೇವಕರ ಬರಹದಿಂದಲೇ ಬೆಳೆಯುತ್ತಿದೆ. ಸಸ್ಯಶಾಸ್ತ್ರದ ವಿದ್ಯಾರ್ಥಿಯೊಬ್ಬ ತಿಂಗಳಿಗೊಂದು ಮರದ ಬಗ್ಗೆ ಆಧಾರ ಸಹಿತ ಲೇಖನ ಸೇರಿಸಿದರೆ ಮೂರು ವರ್ಷದಲ್ಲಿ 36 ಮರಗಳಾದವು.

ಪ್ರಮಾಣಪತ್ರ ಮತ್ತು ಹಣ

ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪದವಿ ಪಡೆಯಲು 100 ಚಟುವಟಿಕೆ ಅಂಕಗಳನ್ನು ಗಳಿಸಬೇಕೆಂಬ ನಿಯಮವನ್ನು ಎ.ಐ.ಸಿ.ಟಿ.ಇ. ತಂದಿದೆ, ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ಸೇರಿದವರಿಗೆ ಇದು 75. ಉದ್ದೇಶ ಒಳ್ಳೆಯದು. ಆದರೆ ಅಂಕಕ್ಕೆ ಬೇಡಿಕೆ ಬಂದ ಕೂಡಲೇ ಪ್ರಮಾಣಪತ್ರದ ಅಂಗಡಿಗಳೂ ಹುಟ್ಟಿಕೊಂಡವು. ಇಷ್ಟು ರೂಪಾಯಿ ಕೊಟ್ಟರೆ ಇಷ್ಟು ಗಂಟೆಯ ಪತ್ರ. ಇದು ಸೇವೆಯಲ್ಲ ಎಂಬುದನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಇನ್ನೊಂದು ಸ್ವಲ್ಪ ಸೂಕ್ಷ್ಮ: "ಇಂಟರ್ನ್‌ಶಿಪ್" ಎಂದು ಕರೆದು, ವಿದ್ಯಾರ್ಥಿಯಿಂದ ಅವನ ಚಿಕ್ಕಪ್ಪ, ಸೋದರತ್ತೆ, ನೆರೆಮನೆಯವರಿಂದ ದೇಣಿಗೆ ಕೇಳಿಸುವುದು. ತಿಂಗಳ ಕೊನೆಗೆ ಹುಡುಗ ಒಬ್ಬ ಬಡವರನ್ನೂ ನೋಡಿರುವುದಿಲ್ಲ, ಬಂಧುಗಳನ್ನು ಮಾತ್ರ ಮುಜುಗರಕ್ಕೆ ಸಿಕ್ಕಿಸಿರುತ್ತಾನೆ. ಹಣ ಸಂಗ್ರಹ ಕೆಟ್ಟ ಕೆಲಸವಲ್ಲ. ಅದನ್ನೇ ಮಾಡಿಸುವುದಾದರೆ ಮೊದಲೇ ಹಾಗೆಂದು ಹೇಳಬೇಕು, ರಸೀದಿ ಕೊಡಬೇಕು, ಹಣ ಎಲ್ಲಿ ಹೋಯಿತೆಂದು ತೋರಿಸಬೇಕು.

ಪ್ರಮಾಣಪತ್ರವನ್ನು ಬಯಸುವುದು ಪಾಪವೇನೂ ಅಲ್ಲ. ಕೆಲಸ ಹುಡುಕುವ ಮಧ್ಯಮ ವರ್ಗದ ಮಕ್ಕಳಿಗೆ ಅದೂ ಬೇಕು. ಕೆಲಸ ಮಾಡಿ ಪತ್ರ ಪಡೆಯಿರಿ, ಕೆಲಸದ ದಿನ, ಗಂಟೆ, ಮಾಡಿದ್ದೇನು ಎಂಬುದನ್ನು ನಿಮ್ಮದೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಸಂದರ್ಶನದಲ್ಲಿ "ಅಲ್ಲಿ ಏನು ಮಾಡಿದಿರಿ?" ಎಂದು ಕೇಳಿದಾಗ ನೆರವಿಗೆ ಬರುವುದು ಆ ನೋಟ್‌ಬುಕ್ಕು.

ಸಂಸ್ಥೆಯನ್ನು ಒಪ್ಪುವ ಮೊದಲು ಒಮ್ಮೆ ಸುಮ್ಮನೆ ಹೋಗಿ ನೋಡಿ ಬನ್ನಿ. ಅದು ನೋಂದಾಯಿತವೇ ಎಂದು ಕೇಳುವುದರಲ್ಲಿ ಅಗೌರವವೇನಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿಯಲ್ಲೋ ಟ್ರಸ್ಟ್ ಆಗಿಯೋ ನೋಂದಣಿ ಆಗಿರುತ್ತದೆ. ನಾನು ಯಾರಿಗೆ ವರದಿ ಮಾಡಬೇಕು, ಕೆಲಸ ಹೇಳಿಕೊಡುವವರು ಯಾರು, ಒಂದು ವರ್ಷದಿಂದ ಬರುತ್ತಿರುವ ಸ್ವಯಂಸೇವಕರೊಬ್ಬರನ್ನು ಭೇಟಿ ಮಾಡಿಸುತ್ತೀರಾ ಎಂದು ವಿಚಾರಿಸಿ. ಒಂದು ವರ್ಷದಿಂದ ಬರುವವರು ಒಬ್ಬರೂ ಇಲ್ಲವೆಂದಾದರೆ ಅದಕ್ಕೆ ಕಾರಣವಿರುತ್ತದೆ. ಒಳ್ಳೆಯ ಸಂಸ್ಥೆಗಳು ನಿಮ್ಮನ್ನೂ ಪ್ರಶ್ನೆ ಕೇಳುತ್ತವೆ, ಕೆಲವೊಮ್ಮೆ "ಈಗ ಬೇಡಪ್ಪಾ, ನಮಗೆ ಬೇಕಾದಾಗ ಕರೆಯುತ್ತೇವೆ" ಎಂದೂ ಹೇಳುತ್ತವೆ.

ನೆರೆ, ಭೂಕುಸಿತದಂಥ ಸಂದರ್ಭದಲ್ಲಿ ಈ "ಈಗ ಬೇಡ" ಎಂಬ ಮಾತಿಗೆ ವಿಶೇಷ ಅರ್ಥವಿದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2019ರ ಆಗಸ್ಟಿನಲ್ಲಿ ಬೆಳಗಾವಿ, ಬಾಗಲಕೋಟೆ ಮೊದಲಾದ ಜಿಲ್ಲೆಗಳಲ್ಲಿ ವಿಪತ್ತು ಬಂದಾಗ ನಾಡಿನ ಮೂಲೆ ಮೂಲೆಯಿಂದ ನೆರವು ಹರಿದು ಬಂತು. ಹೀಗೆ ಹೊರಡುವಾಗ ಊಟ, ವಸತಿ, ವಾಹನಕ್ಕೆ ಸಂತ್ರಸ್ತರ ಊರನ್ನೇ ಅವಲಂಬಿಸುವ ತಂಡ ಆ ಊರಿಗೆ ಭಾರ. ಹಳೆಯ ಬಟ್ಟೆಯ ಮೂಟೆಗಳು ಮಳೆಯಲ್ಲಿ ನೆನೆದು ಕಸವಾಗುವುದು ಪ್ರತಿ ನೆರೆಯಲ್ಲೂ ಕಾಣುವ ದೃಶ್ಯ. ತಾಲ್ಲೂಕು ಕಚೇರಿಯನ್ನು ಕೇಳಿ, ಅವರು ಹೇಳಿದ್ದನ್ನು, ಅವರು ಹೇಳಿದ ಜಾಗಕ್ಕೆ ಮುಟ್ಟಿಸಿ. ಮೊದಲ ವಾರದಲ್ಲಿ ಎಲ್ಲರೂ ಇರುತ್ತಾರೆ. ಎರಡು ತಿಂಗಳ ನಂತರ, ಮನೆಗೆ ಮೆತ್ತಿದ ಕೆಸರು ಒಣಗಿದ ಮೇಲೆ, ಮಕ್ಕಳ ಪಠ್ಯಪುಸ್ತಕ, ಪರಿಹಾರದ ಅರ್ಜಿ, ಕಳೆದುಹೋದ ಪಡಿತರ ಚೀಟಿಯ ನಕಲು, ಇಂಥ ಕೆಲಸಗಳಿಗೆ ಬರೆಯಬಲ್ಲ ಕೈಗಳು ಬೇಕಾಗುತ್ತವೆ. ಕಾಲೇಜು ತಂಡಗಳು ಹೋಗಬೇಕಾದದ್ದು ಆಗ.

ಮನೆಯವರ ಮಾತು

ಹೆಣ್ಣುಮಕ್ಕಳು ಸ್ವಯಂಸೇವೆಗೆ ಹೊರಟಾಗ "ಅದೆಲ್ಲ ಯಾಕೆ ಬೇಕು, ಓದು ಮುಗಿಸು" ಎಂಬ ಮಾತು ಅನೇಕ ಮನೆಗಳಲ್ಲಿ ಬರುತ್ತದೆ. ತಂದೆ ತಾಯಿಯ ಆತಂಕವನ್ನು ಹಳೆಯ ಕಾಲದ್ದೆಂದು ತಳ್ಳಿಹಾಕುವುದು ಸರಿಯಲ್ಲ. ಅಮ್ಮನನ್ನೋ ಅಣ್ಣನನ್ನೋ ಒಮ್ಮೆ ಆ ಜಾಗಕ್ಕೆ ಕರೆದುಕೊಂಡು ಹೋಗಿ ತೋರಿಸಿ, ಅಲ್ಲಿಯ ಹಿರಿಯರೊಬ್ಬರ ಫೋನ್ ನಂಬರು ಮನೆಯಲ್ಲಿ ಬರೆದಿಡಿ, ಕತ್ತಲಾಗುವ ಮುಂಚೆ ಮುಗಿಯುವ ಕೆಲಸವನ್ನೇ ಆರಿಸಿಕೊಳ್ಳಿ, ಗೆಳತಿಯೊಬ್ಬಳನ್ನು ಜೊತೆ ಮಾಡಿಕೊಳ್ಳಿ. ಒಂದೆರಡು ತಿಂಗಳಲ್ಲಿ ಮನೆಯವರೇ "ಈ ವಾರ ಯಾಕೆ ಹೋಗಲಿಲ್ಲ?" ಎಂದು ಕೇಳತೊಡಗುತ್ತಾರೆ.

ಇನ್ನು ಕೆಲವು ವಿದ್ಯಾರ್ಥಿಗಳಿದ್ದಾರೆ. ಬೆಳಿಗ್ಗೆ ಪತ್ರಿಕೆ ಹಾಕಿ, ಸಂಜೆ ಅಂಗಡಿಯಲ್ಲಿ ಲೆಕ್ಕ ಬರೆದು, ನಡುವೆ ಕಾಲೇಜಿಗೆ ಬರುವವರು. ಅವರಿಗೆ ಈ ಲೇಖನದಲ್ಲಿ ಹೇಳಲು ಏನೂ ಇಲ್ಲ. ಗೆಳೆಯರು ಶಿಬಿರಕ್ಕೆ ಹೋದರು, ತಾವು ಹೋಗಲಿಲ್ಲ ಎಂದು ಅವರು ನಾಚಿಕೆಪಡಬೇಕಾದ್ದಿಲ್ಲ.

ಬಿಡುವಾಗ

ಸೇರುವುದನ್ನು ಎಲ್ಲರೂ ಹೇಳಿಕೊಡುತ್ತಾರೆ, ಬಿಡುವುದನ್ನು ಹೇಳಿಕೊಡುವವರು ಕಡಿಮೆ. ಪದವಿ ಮುಗಿಯುತ್ತದೆ, ಕೆಲಸ ಸಿಕ್ಕಿ ಬೇರೆ ಊರಿಗೆ ಹೋಗಬೇಕಾಗುತ್ತದೆ, ಅಥವಾ ಸಾಕಾಗುತ್ತದೆ. ಸಾಕಾಗುವುದೂ ಮನುಷ್ಯಸಹಜವೇ. ಒಂದು ತಿಂಗಳು ಮುಂಚಿತವಾಗಿ ತಿಳಿಸಿ. ಕಿರಿಯ ತರಗತಿಯ ಒಬ್ಬರನ್ನು ಎರಡು ಮೂರು ಬಾರಿ ಜೊತೆಗೆ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿ. ಯಾವ ಮಗು ಎಲ್ಲಿಯವರೆಗೆ ಓದುತ್ತದೆ, ಯಾರಿಗೆ ಒತ್ತಕ್ಷರದಲ್ಲಿ ಕಷ್ಟ, ಶಾಲೆಯ ಬೀಗದ ಕೈ ಯಾರ ಮನೆಯಲ್ಲಿರುತ್ತದೆ, ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನೆಲ್ಲ ನಿಮ್ಮ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದು ಅವರ ಕೈಗೆ ಕೊಡಿ. ಮಕ್ಕಳಿಗೂ ಆ ಶನಿವಾರವೇ, ಹೊಸ ಅಕ್ಕ ಪಕ್ಕದಲ್ಲಿ ಕೂತಿರುವಾಗಲೇ ಹೇಳಿ.